ಮದಿ ಮುಗಿಲಿ ಪ್ರಭಕ್ಕ

ಬ್ರಹ್ಮಾವರ
೯ ಮಾರ್ಚ್ ೨೦೨೫

ಪ್ರೀತಿಯ ವನಜಾ,

ಕ್ಷೇಮವಾ ಎಂದು ಶುರು ಮಾಡುವುದಕ್ಕೂ ಈಗ ಕೈ ಬರುವುದಿಲ್ಲ. ನೀನು ಹೇಗಿದ್ದೀ ಎಂದು ನಿನಗಿಂತ ಚೆನ್ನಾಗಿ ನನಗೆ ಗೊತ್ತು. ರಿಪೋರ್ಟು ಬಂದ ದಿನವೇ ಬರೆಯಬೇಕಿತ್ತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ತಡವಾದದ್ದಕ್ಕೆ ಕ್ಷಮಿಸು, ಸಿಟ್ಟಿಗೆ ಕ್ಷಮೆ ಕೇಳುವುದಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮನೆಗೇ ಬಂದರೆ, ಮದುವೆ ಮನೆಯ ಎದುರು ಕ್ಯಾನ್ಸರ್ ಡಾಕ್ಟರ ಕಾರು ನಿಂತಿದೆ ಎಂದು ನಿಮ್ಮ ಕೋಡಿ ಊರಿಡೀ ಸುದ್ದಿಯಾಗುತ್ತದೆ. ಹಾಗಾಗಿ ನಿನ್ನ ಪಕ್ಕದ ಮನೆಯ ಪದ್ದು ಮೀನು ಮಾರಿ ವಾಪಸು ಬರುವಾಗ ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮದುವೆಯಾಗಲಿರುವ ಮಗಳು ನವ್ಯಾಳ ಹತ್ತಿರ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ಹೋದ ತಿಂಗಳು ಅಮಾಸೆಬೈಲಿನ ಎದೆ ತಪಾಸಣೆ ಶಿಬಿರ ಮುಗಿಯಿತು. ನೀನಿಲ್ಲದೆ ಮಾಡಿದ ಮೊದಲ ಶಿಬಿರ ಅದು. ಮದುವೆ ತಯಾರಿ ಎಂದು ನೀನು ಹೇಳಿದ್ದೆ, ನಾನು ನಂಬಿದ್ದೆ. ನಿನ್ನ ರಾಗಿ ಚೀಲ ಹಿಡಿದುಕೊಂಡು ನಾನೇ ನಿಂತೆ. ಒಳಗೆ ಹುಣಸೆಬೀಜ ಇದೆ, ಬಟ್ಟೆಯ ಮೇಲಿಂದ ಬೆರಳಾಡಿಸಿ ಹುಡುಕಿ, ಎದೆಯಲ್ಲಿ ಗಂಟು ಸಿಗುವುದೂ ಹೀಗೆಯೇ ಎಂದರೆ ಹೆಂಗಸರು ನಾಚಿ ಒಬ್ಬರ ಬೆನ್ನಿಗೊಬ್ಬರು ಅಡಗಿದರು. ನೀನಿದ್ದಿದ್ದರೆ, "ಹ್ವಾಯ್, ಮೀನಿನ್ ಕಿವಿ ಎತ್ತಿ ಕಾಂಬುಕೆ ಬತ್ತ್, ನಿಮ್ದ್ ನೀವ್ ಮುಟ್ಟಿ ಕಾಂಬುಕೆ ನಾಚ್ಕೆಯಾ?" ಎಂದು ಒಮ್ಮೆ ಗದರಿದರೆ ಸಾಕಿತ್ತು. ಎಲ್ಲರೂ ನಕ್ಕು ಸಾಲು ನಿಲ್ಲುತ್ತಿದ್ದರು.

ಗಂಟು ಕೈಗೆ ಸಿಕ್ಕಿದ ಮೇಲೂ ನಮ್ಮ ಕಡೆಯ ಹೆಂಗಸರು ಡಾಕ್ಟರ ಹತ್ತಿರ ಬರಲು ಯಾಕೆ ತಡ ಮಾಡುತ್ತಾರೆ? ನನ್ನ ಇಷ್ಟು ವರ್ಷದ ಸಂಶೋಧನೆ ಎಂದರೆ ಇದೊಂದು ಪ್ರಶ್ನೆ. ಅದನ್ನು ಹಿಡಿದುಕೊಂಡು ಬೈಂದೂರಿನಿಂದ ಬ್ರಹ್ಮಾವರದವರೆಗೆ ಮನೆ ಮನೆ ಹೊಕ್ಕವಳು ನೀನು. ನಾನು ಕೇಳಿದರೆ "ಪುರುಸೊತ್ತಾಯ್ಲಿಲ್ಲೆ" ಎನ್ನುತ್ತಿದ್ದವರು ನಿನ್ನ ಎದುರು ಗಂಡ, ಅತ್ತೆ, ಹೆದರಿಕೆ ಎಲ್ಲವನ್ನೂ ಬಿಚ್ಚಿ ಅಳುತ್ತಿದ್ದರು. ಸಮ್ಮೇಳನಗಳಲ್ಲಿ ನನಗೆ ಬಿದ್ದ ಚಪ್ಪಾಳೆಯಲ್ಲಿ ಅರ್ಧ ನಿನ್ನದು ಎಂದು ನಾನು ಎಲ್ಲರ ಎದುರೂ ಹೇಳಿದವಳು. ಅಂಥ ನೀನು ಪ್ರತಿ ಶಿಬಿರದಲ್ಲೂ, "ನಂದ್ ಪರೀಕ್ಷೆ ಉಡುಪಿಯಲ್ ಆಯ್ತ್ ಪ್ರಭಕ್ಕ, ಎಂತ ಇಲ್ಲೆ ಅಂದ್ರ್" ಎಂದು ನನ್ನ ಮುಖ ನೋಡಿಕೊಂಡೇ ಹೇಳಿದೆ.

ಕಡೆಗೆ ನನಗೆ ಗೊತ್ತಾದದ್ದು ಕುಂದಾಪುರದ ಮೀನು ಮಾರ್ಕೆಟಿನಲ್ಲಿ. ಬಂಗುಡೆ ಆರಿಸುತ್ತಾ ನಿಂತಿದ್ದೆ. ಪದ್ದು ಮೆಲ್ಲಗೆ, "ಡಾಕ್ಟ್ರಮ್ಮ, ವನಜಕ್ಕ ಈಗ ಮೀನ್ ಹೆಡ್ಗಿ ಎತ್ತುದಿಲ್ಲೆ ಕಾಣಿ. ಬಲಗೈ ಮೇಲೆ ಹೋತಿಲ್ಲೆ. ದೀಪಾವಳಿಗೇ ಗಂಟ್ ಇತ್ತ್ ಅಂದಿದ್ಲ್. ಮದಿ ಮನೆ ಅಂದ್ಹೇಳಿ ಯಾರೂ ಬಾಯ್ ಬಿಡುದಿಲ್ಲೆ" ಎಂದಳು. ಮೀನು ಅಲ್ಲೇ ಬಿಟ್ಟು ನಿನ್ನಲ್ಲಿಗೆ ಬಂದೆ.

ನೀನು ಹೆಗಲ ಮೇಲೆ ಬೈರಾಸು ಟವೆಲು ಹಾಕಿಕೊಂಡು ಬಾಗಿಲಿಗೆ ಬಂದಿ. ಭಾರ ಎತ್ತಿ ಕೈ ಉಳುಕಿದೆ ಎಂದಿ. ನಾನು ಕಂಕುಳಿಗೆ ಕೈ ಹಾಕಿದೆ. ಪರೀಕ್ಷೆಗೆ ಮೊದಲು ರೋಗದ ಹೆಸರು ಹೇಳಬಾರದು ಎಂದು ನನ್ನ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ, ಆದರೆ ಆ ಹೊತ್ತಿಗೆ ನನ್ನ ಬೆರಳಿಗೆ ಎಲ್ಲ ತಿಳಿದಿತ್ತು. ಮಾರನೇ ದಿನ ತಲೆ ತುಂಬ ಸೆರಗು ಹೊದ್ದು, ಆಸ್ಪತ್ರೆಯ ಹಿಂದಿನ ಬಾಗಿಲಿಂದ ಬಂದು ಸೂಜಿ ಪರೀಕ್ಷೆ ಮಾಡಿಸಿಕೊಂಡಿ. ರಿಪೋರ್ಟು ಏನೆಂದು ಫೋನಿನಲ್ಲಿ ಹೇಳಿದಾಗ ನೀನು ಅಳಲೂ ಇಲ್ಲ. "ಮದಿ ಒಂದ್ ಮುಗಿಲಿ ಪ್ರಭಕ್ಕ. ಆಮೇಲೆ ಎಲ್ಲಿಗ್ ಕರ್ದ್ರೂ ಬತ್ತೆ. ಈಗ ತಲೆಕೂದ್ಲ್ ಹೋರೆ ಬೀಗ್ರಿಗೆ ಎಂತ ಹೇಳುದ್?" ಎಂದು ಫೋನ್ ಇಟ್ಟಿ. ಅಷ್ಟೇ, ಆಮೇಲೆ ನಿನ್ನ ದನಿ ಕೇಳಿಲ್ಲ.

ಮದುವೆ ಇರುವುದು ಮೇ ತಿಂಗಳ ಕೊನೆಗೆ. ವನಜಾ, ಗಂಟು ಮುಹೂರ್ತ ನೋಡಿಕೊಂಡು ಬೆಳೆಯುವುದಿಲ್ಲ. ಅದು ಕಂಕುಳಿಗೆ ಬಂದಿದೆ, ಅದರಾಚೆಗೆ ಹೋದ ಲಕ್ಷಣ ಇನ್ನೂ ಕಾಣುವುದಿಲ್ಲ. ಈಗಲೇ ಕಿಮೊ ಕೊಟ್ಟು, ಗಡ್ಡೆ ಕುಗ್ಗಿಸಿ, ಆಮೇಲೆ ಆಪರೇಷನ್ ಮಾಡಿದರೆ ಗುಣವಾಗುವ ದಾರಿ ಇದೆ. ಮೇ ಕಳೆದ ಮೇಲೆ ಬಂದರೆ ಇದೇ ಮಾತು ಹೇಳುವ ಧೈರ್ಯ ನನಗಿರುತ್ತದೋ ಇಲ್ಲವೋ.

ನಿನ್ನ ಹೆದರಿಕೆಯ ಮೂಲವೂ ನನಗೆ ಗೊತ್ತು. ಕೆಲವು ಮನೆಗಳಲ್ಲಿ ಇದು ತಾಯಿಯಿಂದ ಮಗಳಿಗೆ ಬರಬಹುದು ಎಂದು ನಾನು ಶಿಬಿರದಲ್ಲಿ ಹೇಳುತ್ತಿದ್ದೆ. ಹೆಚ್ಚಿನವರಿಗೆ ಹಾಗೆ ಬಂದದ್ದಲ್ಲ ಎಂದೂ ಅದೇ ಉಸಿರಿನಲ್ಲಿ ಹೇಳುತ್ತಿದ್ದೆ. ಮಾರಾಯ್ತಿ, ನೀನು ಮೊದಲನೆಯದನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡೆ! ಗಂಡಿನ ಕಡೆಯವರಿಗೆ ತಿಳಿದರೆ ನವ್ಯಾಳನ್ನು ಬೇಡ ಎಂದಾರು ಎಂದು ಬಾಯಿ ಮುಚ್ಚಿದೆ. ಅವಳಿಗೆ ಬೇಕಾದ ಪರೀಕ್ಷೆಯನ್ನು ಸಮಯ ನೋಡಿ ನಾನೇ ಮಾಡಿಸುತ್ತೇನೆ. ಆದರೆ ಮದುವೆಯಾದ ಮೇಲೂ ಆ ಹುಡುಗಿಗೆ ತಾಯಿ ಬೇಕು. ಬಾಣಂತನ ಯಾರು ಮಾಡುತ್ತಾರೆ, ನಾನಾ? ನನಗೆ ಮಗುವಿಗೆ ನೀರು ಹೊಯ್ಯಲೂ ಬರುವುದಿಲ್ಲ.

ನಾಳೆ ಸೋಮವಾರ. ಬೆಳಿಗ್ಗೆ ಬೇಗ ಕುಂದಾಪುರದ ಆಸ್ಪತ್ರೆಗೆ ಬಾ. ಸಾಸ್ತಾನದ ಟೋಲಿನಲ್ಲಿ ಸಿಕ್ಕಿಹಾಕಿಕೊಳ್ಳದಂತೆ ನಾನು ಮೊದಲೇ ಹೊರಟು ಬಂದಿರುತ್ತೇನೆ. ಕೂದಲು ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ವಿಗ್ ಬೇಕಾದರೆ ನಾನೇ ತರಿಸುತ್ತೇನೆ, ಅದರ ಮೇಲೆ ನಿನ್ನ ಅಬ್ಬಲಿಗೆ ಹೂವಿನ ಜಲ್ಲೆಯೂ ನಿಲ್ಲುತ್ತದೆ. ನಿನ್ನ ಕಾಯಿಲೆಯ ಸುದ್ದಿ ಬೀಗರಿಗೆ ನನ್ನಿಂದ ಹೋಗುವುದಿಲ್ಲ. ಅದನ್ನು ಹೇಳಬೇಕಾದವಳು ನೀನು, ಹೇಳು ಎಂದೇ ನನ್ನ ಮಾತು.

ನವ್ಯಾಳಿಗೆ ನನ್ನ ತುಂಬು ಆಶೀರ್ವಾದ ಹೇಳು. ನಿನಗೆ ದೇವರು ಆಯುಸ್ಸು ಕೊಡಲಿ, ಅದರ ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ಇತಿ ನಿನ್ನ,
ಪ್ರಭಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದಿದ್ದೆ. ಜನವರಿಯಲ್ಲಿ ಮದುಮಗ ಅಕ್ಷಯನ ತಾಯಿ ಉಪ್ಪುಂದದಿಂದ ಬಂದು ನನ್ನ ರೋಗಿಗಳ ಸಾಲಿನಲ್ಲಿ ಕೂತಿದ್ದರು. "ಹುಡ್ಗಿ ಮನೆಯಲ್ ಕಾಯ್ಲೆ ಎಂತಾರೂ ಇತ್ತಾ ಅಂದ್ಹೇಳಿ ಕೇಂಡೆ. ಡಾಕ್ಟ್ರಮ್ಮನ ಹತ್ರವೇ ಕೇಣಿ ಅಂದ್ಲ್ ವನಜಕ್ಕ" ಎಂದರು. ನಾನು ನಕ್ಕೆ. "ಒಂದು ಕಾಳಿನಷ್ಟು ಗಂಟಿದ್ದರೂ ಮೊದಲು ನನ್ನ ಹತ್ತಿರ ಓಡಿ ಬರುವವಳು ಅವಳು" ಎಂದು ಹೆಮ್ಮೆಯಿಂದ ಹೇಳಿದೆ. ಆಗ ಗಂಟು ನಿನ್ನ ಎದೆಯಲ್ಲಿತ್ತು, ನನಗೆ ಗೊತ್ತಿಲ್ಲ ಎಂದು ಗೊತ್ತಿದ್ದೇ ನೀನು ಅವರನ್ನು ಕಳಿಸಿದೆ. ಕಾಯಿಲೆ ಮುಚ್ಚಿಟ್ಟದ್ದನ್ನು ಹೇಗಾದರೂ ನುಂಗಿಕೊಂಡೇನು. ಇದು ಗಂಟಲಲ್ಲಿ ಇಳಿಯುವುದಿಲ್ಲ ವನಜಾ.

ನಿನ್ನೆ ಅವರು ಮದುವೆ ಕಾಗದ ಹಿಡಿದುಕೊಂಡು ಮತ್ತೆ ಬಂದಿದ್ದರು. "ನಿಮ್ಮ್ ಮಾತ್ ಕೇಂಡೇ ನಾವ್ ಮುಂದ್ ಹೋದ್ದ್. ಮೊದ್ಲ್ ಕಾಗ್ದ ದೇವ್ರಿಗೆ, ಎರಡ್ನೇದ್ ನಿಮ್ಗೆ. ವನಜಕ್ಕ ಸೌಖ್ಯವಾ?" ಎಂದು ಕೇಳಿದರು. ಸೌಖ್ಯ ಎಂದೆ. ಜನವರಿಯಲ್ಲಿ ಗೊತ್ತಿಲ್ಲದೆ ಹೇಳಿದ ಸುಳ್ಳನ್ನು ನಿನ್ನೆ ಗೊತ್ತಿದ್ದೂ ಹೇಳಿದೆ, ಆಕೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು.