ನಲವತ್ತು ಕಿಲೋ ಓಮ್ ಮತ್ತು ಬೋರಲು ಕೊಡ

ಹೊಂಬಳ, ಗದಗ ತಾಲೂಕು
ಬುಧವಾರ, ೯ ಏಪ್ರಿಲ್ ೨೦೨೫

ಸೌಭಾಗ್ಯವತಿ ಸುಮಿತ್ರಾಗೆ ಅಂದಾನಪ್ಪನ ಆಶೀರ್ವಾದಗಳು.

ನಾನು ಕ್ಷೇಮ. ಅತ್ತಿಯವರ ಕಣ್ಣಿನ ಪಟ್ಟಿ ಬಿಚ್ಚಿದರೇನು? ಲಕ್ಷ್ಮೇಶ್ವರದ ಬಿಸಿಲಿಗೆ ಕರೀ ಕನ್ನಡಕ ತೆಗೆಯಬಾರದೆಂದು ಹೇಳು. ಈಗ ದೂರದ್ದೆಲ್ಲ ಸ್ವಚ್ಛ ಕಾಣತೈತಿ ಎನ್ನುತ್ತಾರಂತೆ. ಕೇಳಿ ಸಂತೋಷವಾಯಿತು, ಸ್ವಲ್ಪ ದಿಗಿಲೂ ಆಯಿತು. ಇಷ್ಟು ವರ್ಷ ಅಳಿಯನನ್ನು ಮಸುಕಾಗಿ ನೋಡಿ ಒಪ್ಪಿಕೊಂಡವರು, ಸ್ವಚ್ಛ ನೋಡಿದ ಮೇಲೆ ಏನನ್ನುತ್ತಾರೋ. ಫೋನ್ ಇರುವಾಗ ಪತ್ರ ಯಾಕೆ ಎನ್ನುವಿ. ಫೋನ್ ಹಚ್ಚಿದರೆ ಎತ್ತುವವನು ನಿನ್ನ ತಮ್ಮ ನಂದೀಶ, ಎತ್ತಿದವನೇ ಸ್ಪೀಕರ್ ಹಾಕುತ್ತಾನೆ. ಕೂಡಲೇ ಆ ಕಡೆ ಪಾತ್ರೆಯ ಸಪ್ಪಳ ನಿಲ್ಲುತ್ತದೆ. ಎಂದರೆ ಇಡೀ ಮನೆ ಕಿವಿ ಕೊಟ್ಟು ಕುಂತಿದೆ ಎಂದೇ ಲೆಕ್ಕ. ಈ ಲಕೋಟೆ ಅಂಟಿಸಿದ ಜಾಗದ ಮೇಲೆ ಅಡ್ಡ ಗೀಟು ಎಳೆದಿದ್ದೇನೆ. ಗೀಟಿಗೆ ಗೀಟು ಕೂಡದಿದ್ದರೆ ಯಾರೋ ಬಿಚ್ಚಿ ಓದಿದ್ದಾರೆಂದು ತಿಳಿ, ಅಂಥವರು ಇಲ್ಲಿಗೇ ನಿಲ್ಲಿಸಬೇಕೆಂದೂ ತಿಳಿಸು.

ಈಗ ಖಬರ. ನಮ್ಮ ಗಿರಣಿ ಮಂದಿಯನ್ನು ಕಚ್ಚಾಕ ಹತ್ತಿದೆ. ಮೊದಲ ಕಡಿತ ಮರಿಯವ್ವನಿಗೆ. ನಿನಗೆ ಗೊತ್ತಲ್ಲ, ನಮ್ಮೂರ ಹೆಣ್ಣುಮಕ್ಕಳು ಹಿಟ್ಟು ನುಣ್ಣಗೆ ಬಂತೋ ಇಲ್ಲೋ ಎಂದು ಬೀಳುವ ತಗಡಿನ ಬಾಯಿಗೇ ಬೆರಳು ಹಚ್ಚಿ ತಿಕ್ಕಿ ನೋಡದೆ ಬಿಡುವವರಲ್ಲ. ಆಕೆ ಅರಿವೆ ಒಗೆದ ಹಸಿ ಕೈಯಲ್ಲಿ, ಬರಿಗಾಲಲ್ಲಿ ಬಂದವಳು ಬೆರಳು ಹಚ್ಚಿದಳು. ಝುಮ್ಮಂತಂತೆ. ಡಬ್ಬಿ ಒಂದು ಕಡೆ, ಆಕೆ ಒಂದು ಕಡೆ. ನಾನು ಹೋಗಿ ಗಿರಣಿಯ ಅದೇ ಬಾಯಿಯನ್ನು ಗಟ್ಟಿಯಾಗಿ ಹಿಡಿದು ನಿಂತು ತೋರಿಸಿದೆ, ಏನೂ ಆಗಲಿಲ್ಲ. ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು ಎಂಬ ವಿಷಯ ಆಗ ನನಗೆ ಮುಖ್ಯ ಅನ್ನಿಸಲಿಲ್ಲ. ಮುಖ್ಯ ಅನ್ನಿಸಿದ್ದು ಬೇರೆ. ಮರಿಯವ್ವನ ತವರು ಕಳಸಾಪುರ, ಕಳಸಾಪುರದಲ್ಲಿ ಹೊಸ ಗಿರಣಿ ಆಗಿದೆ. ಎರಡೂ ಸೇರಿಸಿ ನೋಡು. ಆದರೆ ಮರುದಿನದಿಂದ ಒಬ್ಬರೂ ಡಬ್ಬಿ ಹಿಡಿದು ಬರಲಿಲ್ಲ, ಎಲ್ಲಾ ಜೋಳ ಬಸ್ ಹತ್ತಿ ಕಳಸಾಪುರಕ್ಕೆ ಹೋಗತೊಡಗಿತು. ಅಪ್ಪನ ಕಾಲದ ಗಿರಣಿಯಲ್ಲಿ ಗುಬ್ಬಿಗಳಿಗೂ ಕೆಲಸ ಇಲ್ಲದಂತಾಯಿತು.

ಬೆಟಗೇರಿಯ ಹುಚ್ಚಪ್ಪನನ್ನು ಕರೆಸಿದೆ, ನಮ್ಮ ಮೋಟಾರು ಕಟ್ಟಿದವನೇ. ಅವನು ವಾಯರಿನ ಒಂದು ತುದಿ ಮೋಟಾರಿನೊಳಗಿನ ತಂತಿಯ ಸುತ್ತುಗಳಿಗೆ, ಇನ್ನೊಂದು ಅದರ ಕಬ್ಬಿಣದ ಮೈಗೆ ಹಚ್ಚಿ ಮೀಟರು ನೋಡಿ, "ನಲವತ್ತ ಐತ್ರಿ, ಸಾಲೂದಿಲ್ಲ" ಅಂದ. ನಲವತ್ತು ಸಾಲೂದಿಲ್ಲವೆ? ಮೆಟ್ರಿಕ್‌ನಲ್ಲಿ ಮೂವತ್ತೈದಕ್ಕೆ ಪಾಸಾದವನು ನಾನು. ಇವನು ಸುಮ್ಮನೆ ಹೊಸ ಸುತ್ತು ಹಾಕುವ ಹುನ್ನಾರದಲ್ಲಿದ್ದಾನೆ ಎಂದುಕೊಂಡು ಚಹಾ ಕುಡಿಸಿ ಕಳಿಸಿದೆ. ಅವನು ಹೋದ ಮೇಲೆ, ಅವನಿಗೆ ಗೊತ್ತಾಗದಂತೆ, ಮುಂಡರಗಿಯಿಂದ ಇನ್ನೊಬ್ಬ ಮೋಟಾರು ಕಟ್ಟುವವ ಫಕ್ಕೀರಪ್ಪನನ್ನು ಕರೆಸಿದೆ. ಅವನ ಮೀಟರು ಸೊನ್ನೆ ಪಾಯಿಂಟ್ ಸೊನ್ನೆ ನಾಲ್ಕು ಅಂತು. ಸುಮಿತ್ರಾ, ನೀನೇ ವಿಚಾರ ಮಾಡು. ಒಂದೇ ಮೋಟಾರು, ಒಬ್ಬನಿಗೆ ನಲವತ್ತು, ಇನ್ನೊಬ್ಬನಿಗೆ ಒಂದು ಕೂಡ ಇಲ್ಲ. ಇಬ್ಬರಲ್ಲಿ ಒಬ್ಬ ಸುಳ್ಳ, ಇಲ್ಲವೇ ನಡುವೆ ಯಾರೋ ಮೋಟಾರು ಬದಲಿಸಿದ್ದಾರೆ. ಎರಡನೆಯದನ್ನು ಪರೀಕ್ಷಿಸಲು ಮೋಟಾರಿನ ಮೇಲೆ ನಮ್ಮ ಅಪ್ಪ ಹಚ್ಚಿದ ವಿಭೂತಿಯ ಗುರುತು ನೋಡಿದೆ. ಇತ್ತು. ಹಾಗಾದರೆ ಒಬ್ಬ ಸುಳ್ಳ.

ಪೊಲೀಸರು ಮಾಡುವಂತೆ ಇಬ್ಬರನ್ನೂ ಒಂದೇ ಹೊತ್ತಿಗೆ, ಒಬ್ಬನ ಸುದ್ದಿ ಇನ್ನೊಬ್ಬನಿಗೆ ಕೊಡದೆ, ಗಿರಣಿಗೆ ಬರಹೇಳಿದೆ. ಎದುರಾಬದುರಾ ಆದರೆ ಮುಖ ಬಿಳಚುತ್ತದೆ ಎಂಬುದು ನನ್ನ ಎಣಿಕೆ. ಅವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕೆಲಸ ಕಲಿತದ್ದು ಒಂದೇ ಅಂಗಡಿಯಲ್ಲಂತೆ. ನನ್ನ ಸಂಶಯ ಇಮ್ಮಡಿಯಾಯಿತು. ಫಕ್ಕೀರಪ್ಪ ನನ್ನ ಕರೆಂಟಿನ ತಕ್ಕಡಿಯ ಹತ್ತಿರ ಹೋಗಿ, ಖಾರಕ್ಕೆಂದು ಇಟ್ಟಿದ್ದ ಜೀರಿಗೆ ಸುರುವುತ್ತಾ, "ಸಾವಕಾರ್ರ, ನಲವತ್ತ ಗ್ರಾಂ ಆದಕೂಡ್ಲೆ ಸಾಕು ಅನ್ರಿ" ಅಂದ. ಅಂದೆ. ತಕ್ಕಡಿಯಲ್ಲಿ ಕೆಂಪಗೆ 0.040 ಕಿಲೋ ಎಂದು ಉರಿಯುತ್ತಿತ್ತು. "ಇದು ನಲವತ್ತೋ, ಪಾಯಿಂಟ್ ಸೊನ್ನೆ ನಾಲ್ಕೋ?" ಅಂದ. ಪ್ರಶ್ನೆಯಲ್ಲಿ ಏನಾದರೂ ಮೋಸವಿದೆಯೇ ಎಂದು ನಾನು ಬಹಳ ಹೊತ್ತು ನೋಡಿದೆ. ಇರಲಿಲ್ಲ. ಹುಚ್ಚಪ್ಪ ಹೇಳಿದ್ದು ಕಿಲೋ ಓಮ್, ಫಕ್ಕೀರಪ್ಪ ಹೇಳಿದ್ದು ಮೆಗಾ ಓಮ್. ಸಾವಿರ ಕಿಲೋ ಕೂಡಿದರೆ ಒಂದು ಮೆಗಾ. ಬಿಡಿಸಿ ಎಣಿಸಿದರೆ ಎರಡೂ ನಲವತ್ತು ಸಾವಿರ ಓಮ್. ಜೀವಮಾನವಿಡೀ ತೂಗಿದವನು ನಾನು, ತಕ್ಕಡಿ ನನ್ನನ್ನೇ ತೂಗಿಬಿಟ್ಟಿತು.

ಆದರೆ ನಲವತ್ತು ಸಾವಿರ ಎಂದಕೂಡಲೇ ನನಗೆ ಧೈರ್ಯ ಬಂತು. ಸಾವಿರ ಎಂದರೆ ಕಡಿಮೆಯೇ? ಕಡಿಮೆಯಂತೆ. ಸುತ್ತಿನೊಳಗಿನ ಕರೆಂಟು ಮೋಟಾರಿನ ಮೈಗೆ ಹಾಯದಂತೆ ತಡೆಯಲು ಹತ್ತು ಲಕ್ಷವಾದರೂ ಬೇಕಂತೆ. ಆಮೇಲೆ ಹಿತ್ತಲಿನ ಅರ್ಥಿಂಗ್ ಗುಂಡಿ ಅಳೆದರು, ಗಿರಣಿಯ ಮೈಯಿಂದ ತಂತಿ ಇಳಿದು ಉಪ್ಪು ಇದ್ದಿಲಿನಲ್ಲಿ ಹುಗಿದಿದೆಯಲ್ಲ, ಅದು. ಒಬ್ಬ ಎಂಟು ಕಿಲೋ ಅಂದ, ಇನ್ನೊಬ್ಬ ಎಂಟು ಸಾವಿರ ಅಂದ. ಈ ಸಲ ನಾನು ಮೋಸ ಹೋಗಲಿಲ್ಲ, ಎರಡೂ ಒಂದೇ ಎಂದು ಗಂಭೀರವಾಗಿ ತಲೆಯಾಡಿಸಿದೆ. ಆದರೆ ಅದು ವಿಪರೀತ ಜಾಸ್ತಿಯಂತೆ, ನಾಲ್ಕೈದು ಓಮ್ ಇದ್ದರೆ ಚೊಲೋ ಅಂತೆ. ನೋಡಿದಿಯಾ, ಮೋಟಾರಿಗೆ ನಲವತ್ತು ಸಾವಿರ ಸಾಲದು, ಗುಂಡಿಗೆ ಎಂಟು ಸಾವಿರ ಹೆಚ್ಚು. ಇಂಥ ನ್ಯಾಯ ನಾನು ಎಲ್ಲೂ ಕಂಡಿಲ್ಲ ಎಂದೆ. ಹುಚ್ಚಪ್ಪ ತಿಳಿಸಿ ಹೇಳಿದ: ಸುತ್ತಿನಲ್ಲಿ ಕರೆಂಟಿಗೆ ಬಾಗಿಲು ಹಾಕಿರಬೇಕು, ಗುಂಡಿಯಲ್ಲಿ ತೆರೆದಿರಬೇಕು. ಮೋಟಾರು ಬಹಳ ದಿನದಿಂದ ಸೋರುತ್ತಿತ್ತು, ಸೋರಿದ್ದನ್ನೆಲ್ಲ ಗುಂಡಿ ಸದ್ದಿಲ್ಲದೆ ನುಂಗುತ್ತಿತ್ತು. ಈಗ ಗುಂಡಿ ಬತ್ತಿ ಎರೆಮಣ್ಣು ಬಿರಿದು ತಂತಿಯನ್ನೇ ಬಿಟ್ಟಿದೆ, ಅದಕ್ಕೇ ಕರೆಂಟು ಮರಿಯವ್ವನ ಬೆರಳು ಹುಡುಕಿತು.

"ಗುಂಡಿಗೆ ದಿನಾ ಒಂದು ಕೊಡ ನೀರು ಬೇಕಂತ ತೋಡಿದ ದಿನಾನ ವೈನಿಗೆ ಹೇಳಿದ್ನಲ್ಲರೀ" ಅಂದ ಹುಚ್ಚಪ್ಪ. ನಿನಗೆ ಹೇಳಿದ್ದನ್ನು ನನಗೇಕೆ ಹೇಳಲಿಲ್ಲ ಎಂದು ಗದರಿದೆ. "ನಿಮಗ ಹೇಳಿದ್ರ ಯಾಕ, ಯಾರು ಹೇಳಿದ್ರು, ಅದರಾಗ ನಿಂದೇನೈತಿ ಅಂತ ಕೇಳತೀರಿ. ವೈನಿ ಹೂಂ ಅಂದ್ರು." ನಾನು ಆಗ ನುಗ್ಗಿ ಗಿಡದ ಕಡೆ ನೋಡುತ್ತಾ ನಿಂತೆ. ಯಾಕೆಂದು ನಿನಗೆ ಗೊತ್ತು. ಗುಂಡಿಯ ಮಗ್ಗುಲಿಗೇ ಗೋಡೆ, ಗೋಡೆಯ ಆಚೆ ಮೈಲಾರಲಿಂಗಪ್ಪನ ನುಗ್ಗಿ ಗಿಡ. ನೀನು ಅಲ್ಲಿ ಕೊಡ ಸುರಿಯುವುದನ್ನು ನೋಡಿ, ನಮ್ಮ ನಳದ ನೀರು ದಿನಾ ಅವನ ಗಿಡಕ್ಕೆ ಯಾಕೆ ಹೋಗುತ್ತದೆ, ಕಾಯಿ ಯಾರ ಸಾರಿಗೆ ಬೀಳುತ್ತದೆ ಎಂದು ನೀನು ಹೊರಡುವ ಬೆಳಿಗ್ಗೆ ಒಂದು ಮಾತು ಕೇಳಿದ್ದೆ. ಸುಮ್ಮನೆ ಕೇಳಿದ್ದೆ. "ನಿಮ್ಮ ಸಂಶಯಕ್ಕ ನೀರ ಹಾಕೂದು ನನ್ನಿಂದ ಆಗೂದಿಲ್ರಿ" ಎಂದು ಕೊಡ ಬೋರಲು ಹಾಕಿ ಬಸ್ ಹತ್ತಿದಿ.

ಮೋಟಾರು ಹೊಸ ಸುತ್ತು ಹಾಕಿಸಿಕೊಳ್ಳಲು ಬೆಟಗೇರಿಗೆ ಹೋಗಿದೆ. ಗಿರಣಿಯ ಬಾಗಿಲು ಹಾಕಿದ್ದೇನೆ. ಮರಿಯವ್ವನ ಮನೆಗೆ ಹೋಗಿ ಬಂದೆ. ಬೆರಳು ನೆಟ್ಟಗಿದೆ, ಮಾತೂ ನೆಟ್ಟಗಿದೆ. ಅತ್ತಿಯವರಿಗೆ ನನ್ನ ಶರಣು, ನಂದೀಶನಿಗೆ ಕೇಳಿದೆನೆಂದು ಹೇಳು, ಜಾಸ್ತಿ ಹೇಳಬೇಡ. ಬಿಸಿಲಲ್ಲಿ ತಿರುಗಬೇಡ.

ಇಂತಿ ನಿನ್ನ,
ಅಂದಾನಪ್ಪ

ತಾ.ಕ.: ಅವಸರದಲ್ಲಿ ಮುಖ್ಯದ್ದೇ ಬಿಟ್ಟೆ. ಮೋಟಾರು ರಿಪೇರಿಯಾಗಿ ಬಂದರೂ ತಾವು ಬರುವುದಿಲ್ಲವೆಂದು ಹೆಣ್ಣುಮಕ್ಕಳೆಲ್ಲ ಕೂಡಿ ನಿಶ್ಚಯ ಮಾಡಿದ್ದಾರೆ. "ಸುಮಿತ್ರಕ್ಕ ಬಂದು ಗುಂಡಿಗೆ ನೀರ ಹಾಕಿ, ಬರಿಗಾಲಲೆ ನಿಂತು ಗಿರಣಿ ಮುಟ್ಟಿ ಆತು ಅನ್ಲಿ, ಆಮ್ಯಾಲ ಡಬ್ಬಿ ತರತೀವಿ" ಅಂದಳು ಮರಿಯವ್ವ. ನಾನು ಮುಟ್ಟಿ ತೋರಿಸಿದರೆ ಸಾಲದಂತೆ. ಇದನ್ನು ಆಕೆಗೆ ನೀನೇ ಫೋನಿನಲ್ಲಿ ಹೇಳಿಕೊಟ್ಟಿರಬಹುದೆಂದು ನನಗೊಂದು ಗುಮಾನಿ, ಇರಲಿ. ಮೈಲಾರಲಿಂಗಪ್ಪ ನಿನ್ನೆ ಗೋಡೆಯ ಮೇಲಿಂದ ನುಗ್ಗಿಕಾಯಿ ಕೊಟ್ಟ, ವೈನಿ ಹೋದಾಗಿಂದ ಹೂವು ಉದುರತಾವ ಅಂದ. ಇಸಿದುಕೊಂಡೆ. ನಾನು ಮಾಡಿದ ಸಾರು ನಾನೇ ಉಣ್ಣಲಾರದಾದೆ. ಬಕೀಟಿನಿಂದ ದಿನಾ ಗುಂಡಿಗೆ ನೀರು ಹಾಕುತ್ತಿದ್ದೇನೆ, ಒಂದು ಚರಿಗೆ ಗಿಡದ ಕಡೆಗೂ. ನಿನ್ನ ಕೊಡ ಮಾತ್ರ ನೀನು ಹಾಕಿದಲ್ಲೇ ಬೋರಲು ಇದೆ. ಅದನ್ನು ಮುಟ್ಟಲು ನನಗೆ ಧೈರ್ಯ ಸಾಲದು, ಚಪ್ಪಲಿ ಹಾಕಿಕೊಂಡರೂ.