ಕಣ್ಣಾರತಿ

ಜನವರಿ 9, 1983. ಭಾನುವಾರ, ಬೆಳಗಿನ ಐದು. ಸಾಗರ

ಟಿಣ್ ಎಂಬ ಸದ್ದಿಗೆ ಎಚ್ಚರ. ಇವರು ಸ್ಟೀಲ್ ಬಟ್ಟಲಿನಿಂದ ಗಾಜಿನ ಕಣ್ಣು ತೆಗೆದರು. ಮದುವೆಯಾಗಿ ಮೂರು ವರ್ಷ, ಈ ಸದ್ದಿಗೇ ನನಗೆ ಬೆಳಗಾಗುವುದು. ರಾತ್ರಿ ತೆಗೆದು ನೀರಿಗೆ ಹಾಕುತ್ತಾರೆ, ಬೆಳಿಗ್ಗೆ ತೊಳೆದು ಹಾಕಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಚಿನ್ನಿ ದಾಂಡು ಆಡುವಾಗ ಚಿನ್ನಿ ಬಡಿದು ಎಡಗಣ್ಣು ಹೋಯಿತಂತೆ. ಹೆಣ್ಣು ನೋಡಲು ಬಂದ ದಿನವೇ ಹೇಳಿದ್ದರು. ಮುಚ್ಚಿಡದೆ ಹೇಳಿದರಲ್ಲ ಎಂದು ಅಪ್ಪ ಮೆಚ್ಚಿಕೊಂಡಿದ್ದ.

ನನಗೆ ನಿದ್ದೆಯೇ ಸರಿ ಬಂದಿಲ್ಲ. ನಿನ್ನೆ ಸಂಜೆ ಕರೆಂಟು ಹೋದಾಗ ಮಗುವಿನ ಕಡೆ ಬ್ಯಾಟರಿ ಬಿಟ್ಟೆ. ಶಾಂಭವಿ ನಗುತ್ತಿದ್ದಳು. ಎಡಗಣ್ಣಿನೊಳಗೆ ಬಿಳಿ ಹೊಳಪು... ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆದ ಹಾಗೆ. ಬಲಗಣ್ಣಿನಲ್ಲಿ ಇಲ್ಲ. ಇವರಿಗೆ ತೋರಿಸಿದೆ.

"ಬೆಳಕು ಬಿದ್ರೆ ಕಣ್ಣು ಹೊಳೀದೆ ಇನ್ನೇನು ಮಾಡುತ್ತೆ ಮಾರಾಯ್ತಿ? ಬಿ.ಎಸ್ಸಿ. ಓದಿದೋಳು ನೀನು."

ಅಷ್ಟು ಹೇಳಿ ತಿರುಗಿ ಕೂತರು. ಕೇಳಲು ಮನಸ್ಸಿಲ್ಲದಿದ್ದರೆ ಗಾಜಿನ ಕಣ್ಣಿನ ಪಕ್ಕ ನನ್ನ ಕಡೆಗೆ. ಕೋರ್ಟಿನಲ್ಲಿ ಎದುರು ವಕೀಲರಿಗೂ ಹೀಗೇ ಮಾಡುತ್ತಾರಂತೆ.

ಜನವರಿ 15. ಹೊಸನಗರ

ಸಂಕ್ರಾಂತಿಗೆ ಅತ್ತೆ ಮನೆಗೆ ಬಂದದ್ದು. ನಾದಿನಿ ಮೂಕಾಂಬಿಕಾ, ನಮ್ಮೆಲ್ಲರ ಅಂಬಿಕಾ, ಬಾಣಂತನಕ್ಕೆ ಇಲ್ಲೇ ಇದ್ದಾಳೆ. ಗಂಡು ಕೂಸು, ಒಂದೂವರೆ ತಿಂಗಳು. ಅಣ್ಣನದೇ ಮೂಗು ಎಂದು ಎಲ್ಲರಿಗೂ ಹೇಳಿಕೊಂಡು ಖುಷಿಯಾಗಿದ್ದಾಳೆ ಪಾಪ.

ಶಾಂಭವಿಯ ಕಣ್ಣು ತೋರಿಸಲು ಬ್ಯಾಟರಿ ತೆಗೆದೆ. ಅತ್ತೆ ಕಿತ್ತುಕೊಂಡರು.

"ಮಕ್ಳ ಮುಖಕ್ಕೆ ಬೆಳಕು ಬಿಡ್ತಾರೇನೆ? ಬೆಕ್ಕಿನ ಕಣ್ಣು ಅದು. ಅದೃಷ್ಟ. ಸುಮ್ನಿರು."

ಬಿಡಬಾರದಾದರೆ ಕಣ್ಣಾರತಿ ಯಾಕೆ ಮಾಡುತ್ತಾರೆ? ಬೇರೆ ಯಾರ ಮನೆಯಲ್ಲೂ ನಾನು ಕೇಳದ ಪದ್ಧತಿ ಅದು. ಕೂಸಿಗೆ ಮೂರು ತಿಂಗಳು ತುಂಬಿದ ದಿನ ಕೋಣೆಯ ಬಾಗಿಲು ಹಾಕಿ, ಕತ್ತಲು ಮಾಡಿ, ಅತ್ತೆಯೊಬ್ಬರೇ ಅದರ ಮುಖದ ಮುಂದೆ ಸಣ್ಣ ದೀಪ ಆಡಿಸುತ್ತಾರೆ. ತಾಯಿಯೂ ಒಳಗಿರುವಂತಿಲ್ಲ. ಹೋದ ವರ್ಷ ಶಾಂಭವಿಗೂ ಮಾಡಿದರು. ಹೊರಗೆ ಬಂದವರು ಊಟ ಮಾಡದೆ ಮಲಗಿದ್ದರು. ಅದೂ ಪದ್ಧತಿಯೇ ಇರಬೇಕು ಎಂದುಕೊಂಡೆ. ಮಗುವಿನ ಫೋಟೋ ತೆಗೆಸಬಾರದು ಎಂದು ಹಟ ಹಿಡಿದದ್ದು ಅದರ ಮರುದಿನದಿಂದ.

ಜನವರಿ 27. ಮಣಿಪಾಲ, ಲಾಡ್ಜು

ಅಪ್ಪನ ಜತೆ ಹೋಗುತ್ತೇನೆ ಎಂದ ಮೇಲೆ ಇವರು ಹೊರಟರು. ಡಾಕ್ಟರು ವಯಸ್ಸಾದ ಹೆಂಗಸು. ಮಗುವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಇವರ ಮುಖ ನೋಡಿದರು.

"ನಿಮ್ಮ ಕಣ್ಣಿಗೆ ಏನಾಗಿತ್ತು?"

"ಆಡೋವಾಗ ಚಿನ್ನಿ ಬಡೀತು."

"ಆಗ ಎಷ್ಟು ವಯಸ್ಸು?"

"ಒಂದೂವರೆ ವರ್ಷ."

ಅವರು ಪೆನ್ನು ಕೆಳಗಿಟ್ಟರು. "ಒಂದೂವರೆ ವರ್ಷಕ್ಕೆ ಚಿನ್ನಿ ದಾಂಡು ಆಡ್ತಿದ್ರಾ ನೀವು?"

ಇವರು ಗಾಜಿನ ಕಣ್ಣಿನ ಪಕ್ಕವನ್ನು ಡಾಕ್ಟರ ಕಡೆಗೆ ತಿರುಗಿಸಿದರು. ಇಷ್ಟು ದೊಡ್ಡ ವಕೀಲ. ಸಾಕ್ಷಿಗಳ ಸುಳ್ಳು ಬಯಲಿಗೆಳೆಯುವವರು. ತಮ್ಮ ಮುಖದ ಸುಳ್ಳು ಒಮ್ಮೆಯೂ ಕೆದಕಿ ನೋಡಲಿಲ್ಲವೇ?

ಕಣ್ಣಿನ ಕ್ಯಾನ್ಸರ್. ರೆಟಿನೋಬ್ಲಾಸ್ಟೋಮಾ. ಹುಟ್ಟುವಾಗಲೇ ವಂಶದಿಂದ ಇಳಿದು ಬರುತ್ತದಂತೆ. ಎಡಗಣ್ಣು ತೆಗೆಯಲೇಬೇಕು. ಬಲಗಣ್ಣಿನಲ್ಲೂ ಒಂದು ಸಣ್ಣ ಚುಕ್ಕೆ. ರೇಡಿಯೇಷನ್, ಜನ ಹೇಳುವ ಕರೆಂಟು, ಕೊಟ್ಟು ಅದನ್ನು ಉಳಿಸಲು ನೋಡುತ್ತಾರೆ. ಹೋದ ವರ್ಷವೇ ತಂದಿದ್ದರೆ? ಕೇಳಿದೆ. "ಎರಡೂ ಉಳೀತಿತ್ತೋ ಏನೋ" ಎಂದರು. ಏನೋ.

ಬಾಗಿಲವರೆಗೂ ಬಂದು ಹೇಳಿದರು — "ಕುಟುಂಬದಲ್ಲಿ ಬೇರೆ ಕೂಸುಗಳಿದ್ರೆ ಈಗ್ಲೇ ತೋರಿಸಿ. ಕೆಲವರಿಗೆ ತಮಗೇನೂ ಆಗಿರಲ್ಲ, ಮಕ್ಕಳಿಗೆ ದಾಟಿಸ್ತಾರೆ. ಬೇಗ ಕಂಡ್ರೆ ಕಣ್ಣೂ ಉಳಿಯುತ್ತೆ, ಜೀವವೂ ಉಳಿಯುತ್ತೆ."

ಅಂಬಿಕಾಳ ಕೂಸು. ಮೆಟ್ಟಿಲು ಇಳಿಯುವಾಗಲೇ ಇವರಿಗೆ ಹೇಳಿದೆ.

"ಅವಳ ವಿಷಯ ಈಗ ಬೇಡ."

ಫೆಬ್ರವರಿ 20. ಸಾಗರ

ಇಷ್ಟು ದಿನ ಬರೆಯಲಿಲ್ಲ. ಆಪರೇಷನ್ ಆಯಿತು. ಬಲಗಣ್ಣಿಗೆ ಕರೆಂಟು ಶುರುವಾಗಬೇಕು. ಶಾಂಭವಿ ಪಟ್ಟಿಯ ಮೇಲೆ ಕೈಯಿಟ್ಟು "ಕೂಕ್" ಎನ್ನುತ್ತಾಳೆ. ಕಣ್ಣುಮುಚ್ಚಾಲೆ ಎಂದುಕೊಂಡಿದ್ದಾಳೆ.

ಇವತ್ತು ಅತ್ತೆ ನೋಡಲು ಬಂದರು. ಬಾಳೆಹಣ್ಣು ತಂದಿದ್ದರು. ಅಡುಗೆಮನೆಗೆ ಕರೆದು ಕೇಳಿದೆ.

"ಗೊತ್ತಿತ್ತಾ ನಿಮಗೆ?"

ಒಲೆ ನೋಡುತ್ತಾ ಹೇಳಿದರು. "ನನ್ನ ತಮ್ಮ ಹಿಂಗೇ ಹೋದ. ಕಣ್ಣು ಊದಿ ಹೊರಗೆ ಬಂದಿತ್ತು. ಆಮೇಲೆ ಹುಟ್ಟಿದ ಮಕ್ಳಿಗೆಲ್ಲ ನನ್ನವ್ವ ದೀಪ ಹಿಡಿದು ನೋಡ್ತಿದ್ಲು. ಜನ ಕೇಳ್ತಾರಲ್ಲ, ಆರತಿ ಅಂದ್ಲು. ನನ್ನ ಮಗ ಮುಕುಂದನ ಕಣ್ಣಲ್ಲಿ ನನಗೇ ಕಾಣ್ತು. ಮೈಸೂರಿಗೆ ಹೊತ್ಕೊಂಡು ಹೋಗಿ ತೆಗೆಸ್ದೆ. ಬದುಕಿದಾನಲ್ಲ?"

"ಮಗನಿಗೆ ಮೈಸೂರು. ಮೊಮ್ಮಗಳಿಗೆ ಅದೃಷ್ಟವಾ?"

"ಹೆಣ್ಣು ಕಣೇ. ಒಕ್ಕಣ್ಣಿನ ಹೆಣ್ಣನ್ನ ಯಾರು ಕೇಳ್ತಾರೆ? ನನ್ನ ಕಣ್ಣೇ ಮಂಜು, ತಪ್ಪು ಕಂಡಿರ್ಬೋದು ಅಂದ್ಕೊಂಡೆ. ದಿನಾ ಹಂಗೇ ಅಂದ್ಕೊಂಡೆ."

ಬಾಳೆಹಣ್ಣಿನ ಚಿಪ್ಪು ಎತ್ತಿ ಹಿತ್ತಲಿಗೆ ಎಸೆದೆ. ಬೇರೆ ಏನನ್ನಾದರೂ ಎಸೆಯುವ ಮೊದಲು. ಒಂದು ವರ್ಷ. ಒಂದು ವರ್ಷ ಗೊತ್ತಿದ್ದೂ ಆ ಕಣ್ಣಿಗೆ ಕಾಡಿಗೆ ಹಚ್ಚಿದ್ದಾರೆ ಈ ಹೆಂಗಸು.

"ಅಂಬಿಕಾಳ ಕೂಸನ್ನಾದ್ರೂ ಮಣಿಪಾಲಕ್ಕೆ ಕಳಿಸಿ."

"ಅವಳ ಹತ್ರ ಬಾಯಿ ಬಿಟ್ಟೀಯ. ಗಂಡನ ಮನೆಯೋರಿಗೆ ಗೊತ್ತಾದ್ರೆ ಬಾಣಂತಿನ ವಾಪಸ್ ಕಳಿಸ್ತಾರೆ. ಮೂರು ತಿಂಗಳಿಗೆ ದೀಪ ಹಿಡೀತೀನಲ್ಲ, ನಾನೇ ನೋಡ್ತೀನಿ."

ಫೆಬ್ರವರಿ 25

ಈ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದ ಬಸ್ ಟಿಕೆಟು ಮಣಿಪಾಲದ ಪುಟಕ್ಕೆ ಹೋಗಿದೆ. ನಾನು ಅಲ್ಲಿ ಇಟ್ಟಿರಲಿಲ್ಲ. ಸರಿ. ಬಾಯಿಬಿಟ್ಟು ಹೇಳಿದರೆ ಗಾಜಿನ ಕಣ್ಣು. ಬರೆದಿಟ್ಟರೆ ಒಳ್ಳೆಯ ಕಣ್ಣು.

ಕದ್ದು ಓದುವವರಿಗೆ ನಾಚಿಕೆಯಿಲ್ಲ. ಬರೆಯುವ ನನಗ್ಯಾಕೆ?

ಮಾರ್ಚ್ 4. ಶುಕ್ರವಾರ, ರಾತ್ರಿ ಒಂಬತ್ತು

ಮಧ್ಯಾಹ್ನ ಅತ್ತೆ ಬಂದರು. ಬಾಣಂತನ ಮುಗಿಸಿ ಅಂಬಿಕಾಳನ್ನು ತೀರ್ಥಹಳ್ಳಿಯ ಗಂಡನ ಮನೆಗೆ ಬಿಟ್ಟು ನೇರ ಇಲ್ಲಿಗೆ. ತಟ್ಟೆ ಹಾಕಿದರೆ ಹಸಿವಿಲ್ಲ ಎಂದರು. ಶಾಂಭವಿಯ ಕಣ್ಣಾರತಿಯ ದಿನವೂ ಉಂಡಿರಲಿಲ್ಲ.

"ಕಣ್ಣಾರತಿ ಆಯ್ತಾ?"

"ಆಯ್ತು."

"ಏನು ಕಂಡ್ರಿ?"

"ಬೆಳಕು ಸರಿ ಇರ್ಲಿಲ್ಲ."

"ಅತ್ತೆ, ಏನು ಕಂಡ್ರಿ?"

"ಮಾರನೇ ದಿನ ಇನ್ನೊಂದ್ಸಲ ಮಾಡ್ದೆ."

ಅಷ್ಟೇ. ಸೆರಗು ಮುಖಕ್ಕೆ ಎಳೆದುಕೊಂಡು ಗೋಡೆ ಕಡೆ ಮಲಗಿದರು. ನನ್ನ ಮಗಳಿಗೆ ಒಂದೇ ಸಲಕ್ಕೆ ತಿಳಿದಿತ್ತು ಅವರಿಗೆ. ಇನ್ನೊಂದು ಸಲ ನೋಡುವುದು ಯಾಕೆ, ಮೊದಲ ಸಲ ಕಂಡದ್ದು ಸುಳ್ಳಾಗಲಿ ಎಂದಲ್ಲವೇ?

ಆಫೀಸು ರೂಮಿಗೆ ಓಡಿದೆ. ಫೋನಿನ ಡಯಲ್ಲಿಗೆ ಬೀಗ, ಕೀಲಿ ನಿಮ್ಮ ಜೇಬಿನಲ್ಲಿ. ಹೌದು, ನಿಮಗೇ ಬರೆಯುತ್ತಿದ್ದೇನೆ. ಮಗುವನ್ನು ಎತ್ತಿಕೊಂಡು ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿದೆ. ತೆಗೆದುಕೊಂಡದ್ದು ಅಂಬಿಕಾಳ ಅತ್ತೆ.

"ಅವಳು ಸಾಮಾನು ಕಟ್ತಿದಾಳಮ್ಮ. ನಿಮ್ಮತ್ತೆ ಎಲ್ಲ ಹೇಳಿದಾರೆ. ಮಗೂಗೆ ಆಪರೇಷನ್ ಆದ ಮೇಲೆ ನಿಮಗೆ ಒಂಥರಾ ಆಗಿದೆಯಂತೆ, ಯಾರ ಮಕ್ಕಳನ್ನ ನೋಡಿದ್ರೂ ಕಾಯಿಲೆ ಅಂತೀರಂತೆ. ಮಾತ್ರೆ ತಗೊಂಡು ಮಲಗಿ."

ಇಟ್ಟುಬಿಟ್ಟರು. ಮತ್ತೆ ಬುಕ್ ಮಾಡಿದೆ. ಮಾತು ಕೇಳಿದೊಡನೆ ಮತ್ತೆ ಇಟ್ಟರು.

ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಅಂಬಿಕಾ ಶಿವಮೊಗ್ಗಕ್ಕೆ, ಅಲ್ಲಿಂದ ರೈಲಿಗೆ, ಗಂಡನ ಕೆಲಸದ ಊರು ಭಿಲಾಯಿಗೆ. ಅಲ್ಲಿ ಅವರಿಗೆ ಫೋನಿಲ್ಲ. ಮತ್ತೆ ಬರುವುದು ಮುಂದಿನ ವರ್ಷ. ಮುಂದಿನ ವರ್ಷ ಎಂದರೆ ಏನೆಂದು ಈ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ?

ತೀರ್ಥಹಳ್ಳಿಗೆ ಕೊನೆಯ ಬಸ್ಸೂ ಹೋಯಿತು. ನೀವು ಆನಂದಪುರದಲ್ಲಿ ಯಾರದೋ ಗದ್ದೆಯ ರಾಜಿ ಮಾಡಿಸುತ್ತಿದ್ದೀರಿ. ಬಂದಾಗ ನಾನು ಬಾಗಿಲಲ್ಲಿ ನಿಂತು ಹೇಳುವುದಿಲ್ಲ. ಹೇಳಿದರೆ ತಿರುಗಿ ಕೂರುತ್ತೀರಿ. ಈ ಪುಟ ತೆರೆದು ನಿಮ್ಮ ಸ್ಟೀಲ್ ಬಟ್ಟಲಿನ ಕೆಳಗೆ ಇಡುತ್ತೇನೆ. ಕಣ್ಣು ತೆಗೆಯಲು ಹೇಗೂ ಅಲ್ಲಿಗೆ ಬರಬೇಕು.

ನನ್ನ ಮಾತು ಹುಚ್ಚು ಎನ್ನುತ್ತಾರೆ. ನಿಮ್ಮದನ್ನು ಹಾಗೆನ್ನಲು ಆಗುವುದಿಲ್ಲ. ನಿಮ್ಮ ಮುಖದ ಮೇಲೇ ಇದೆ ಸಾಕ್ಷಿ. ಅವಳಿಗೇ ಫೋನು ಕೊಡಿ ಎನ್ನಿ, ಅಣ್ಣನಿಗೆ ಯಾರೂ ಇಲ್ಲ ಎನ್ನುವುದಿಲ್ಲ. ಚಿನ್ನಿ ಬಡಿದದ್ದಲ್ಲ ಎಂದು ಒಂದು ಮಾತು ಹೇಳಿ. ಬಸ್ಸು ಹತ್ತಬೇಡ, ಕೂಸನ್ನು ಎತ್ತಿಕೊಂಡು ಮಣಿಪಾಲಕ್ಕೆ ಬಾ, ಅತ್ತಿಗೆ ಅಲ್ಲಿ ಕಾಯುತ್ತಾಳೆ ಎನ್ನಿ. ನಿಮ್ಮವ್ವನ ಮರ್ಯಾದೆ, ನಿಮ್ಮ ಮರ್ಯಾದೆ, ಎಲ್ಲದಕ್ಕೂ ನನ್ನನ್ನೇ ಬೈದುಕೊಳ್ಳಿ ಆಮೇಲೆ. ಜನ್ಮವೆಲ್ಲ ಬೈಯಿರಿ.

ಜೀಪಿನ ಸದ್ದು. ನೀವೇ ಇರಬೇಕು. ಶಾಂಭವಿ ಎದ್ದಳು, ಕೂಕ್ ಎನ್ನುತ್ತಿದ್ದಾಳೆ.

ದಮ್ಮಯ್ಯ, ಕಣ್ಣು ಬಟ್ಟಲಿಗೆ ಹಾಕುವ ಮೊದಲು ಆ ಬೀಗ ತೆಗೆಯಿರಿ. ಬೆಳಗಾಗುವುದರೊಳಗೆ ಒಂದೇ ಒಂದು ಫೋನು —