ವಾದ್ಯಗಳೆಲ್ಲ ಸುಮ್ಮನಾದಾಗ

ಗೋರ್ಲಿಟ್ಜ್, ಶನಿವಾರ

ಪ್ರೀತಿಯ ರೋಸ್ವಿತಾ,

ನೀನು ನಡುವೆಯೇ ಎದ್ದು ಹೋದ ಸಂಗತಿಯನ್ನು ನನಗೆ ಮೊದಲು ಹೇಳಿದವಳು ನಗಾರಿ ಬಾರಿಸುವ ಊಟೆ, ನಿನ್ನೆ ವಿರಾಮದಲ್ಲಿ. ವಾದ್ಯವೃಂದ ನಡೆಸುವ ನನಗೆ ಬೆನ್ನ ಹಿಂದಿನ ಜನ ಕಾಣುವುದಿಲ್ಲ, ಅವಳಿಗೆ ಕಾಣುತ್ತಾರೆ. ಇಪ್ಪತ್ತು ವರ್ಷದಿಂದ ಹೊಸಬರ ಸಂಗೀತ ನುಡಿಸುತ್ತಿರುವ ನನಗೆ, ಜನ ಎದ್ದು ಹೋಗುವ ಸದ್ದಷ್ಟೇ ಪರಿಚಯ.

ನೀನು ಬರೆದ ಆಪೆರಾದಲ್ಲಿ ತಾಯಿ ಬಾಗಿಲು ತೆರೆದಾಗ ವಾದ್ಯಗಳೆಲ್ಲ ಸುಮ್ಮನಾಗುತ್ತವಲ್ಲ, ಆಗ ನಾನು ಕೈ ಎತ್ತಿ ಹಿಡಿದಿದ್ದೆ. ಹಿಂದಿನಿಂದ ಒಬ್ಬ ಮುದುಕ, "ಮುಗೀತೇನಮ್ಮಾ?" ಎಂದ.

"ಇಲ್ಲ ಯಜಮಾನ್ರೇ, ಸ್ವಲ್ಪ ತಡೀರಿ," ಎಂದೆ, ತಿರುಗದೆ.

"ನಾನು ತಡೀತೀನಿ. ನಿನ್ನ ಕೈ ನೋಯಲ್ವಾ?"

ಸಭೆಯೆಲ್ಲ ನಕ್ಕಿತು. ನೀನು ಎದ್ದು ಹೋದದ್ದು ಆಗಲೇ ಅಂತೆ.

ಆಮೇಲಿನದು ನಿನಗೆ ಗೊತ್ತಿಲ್ಲ. ನಾನು ಕೈ ಇಳಿಸಲಿಲ್ಲ. ನಗು ನಿಂತಿತು, ಒಬ್ಬರೂ ಕೆಮ್ಮಲಿಲ್ಲ. ಪಕ್ಕದ ಮನೆಯ ಜಗಳಕ್ಕೆ ಕಿವಿಗೊಡುವವರ ಹಾಗೆ ಜನ ಮುಂದಕ್ಕೆ ಬಾಗಿದ್ದರು ಎಂದಳು ಊಟೆ. ಅವರಿಗೆ ಏನು ಕೇಳಿಸಿತೋ, ತಿಳಿಯಬೇಕೆಂದು ನನಗೂ ಆಸೆ.

ಗುರುವಾರದ ಪ್ರದರ್ಶನ ನಿಲ್ಲಿಸು ಎಂದು ಹೇಳಿ ನೀನು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಾನಿನ್ನೂ ಯಾರಿಗೂ ಹೇಳಿಲ್ಲ. ಗುರುವಾರ ಬಾ. ದಪ್ಪ ಸ್ವೆಟರ್ ತಾ, ಒಳಗೆ ಚಳಿ. ಬೇಕಾದ್ದನ್ನು ತಿದ್ದು, ಆ ಮೌನವನ್ನು ಮಾತ್ರ ಕತ್ತರಿಸಬೇಡ.

ಇವತ್ತು ಬೆಳಿಗ್ಗೆ ಆ ಮುದುಕ ಹೆಂಡತಿಯನ್ನು ಕರೆದುಕೊಂಡು ಟಿಕೆಟ್ ಕಿಟಕಿಯ ಮುಂದೆ ನಿಂತಿದ್ದ. "ಗುರುವಾರಾನೂ ಆ ಸುಮ್ಮನಿರೋದು ಇರುತ್ತಾ? ಇವಳಿಗೂ ಕೇಳ್ಬೇಕಂತೆ," ಎಂದ. ಅವನ ಹಿಂದೆ ನಿಂತಿದ್ದ ಆರೇಳು ಜನವೂ ಉತ್ತರಕ್ಕೆ ಕಾಯುತ್ತಿದ್ದರು.

ನಿನ್ನ,
ಗುಡ್ರುನ್